ವಿಯೋಲಾದ ಕೊನೆಯ ಹಾಳೆ

ಆ ವರ್ಷಗಳಲ್ಲಿ ನಮ್ಮ ಕಡೆ ಹಳೆಯ ಕಾಗದಕ್ಕೆ ಎಂಥ ಮರ್ಯಾದೆ ಇತ್ತೆಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಅಕ್ಕೂರಿನ ಸುತ್ತ ಯಾವ ಹೊಲ ನೋಡಿದರೂ ಹಿಪ್ಪುನೇರಳೆ, ಯಾವ ಮನೆ ಹೊಕ್ಕರೂ ರೇಷ್ಮೆಹುಳ. ರಾಗಿ ಬೆಳೆಯುತ್ತಿದ್ದವರು ರಾಗಿ ಬಿಟ್ಟಿದ್ದರು. ಕುರಿ ಸಾಕುತ್ತಿದ್ದವರು ಕೂಡ ಹಟ್ಟಿಯ ಅರ್ಧಕ್ಕೆ ಗೋಡೆ ಎಬ್ಬಿಸಿ ಹುಳದ ತಟ್ಟೆ ಜೋಡಿಸಿದ್ದರು. ಹುಳ ಮೇಯುವ ಆ ಅಗಲವಾದ ಬಿದಿರಿನ ತಟ್ಟೆಗಳಿಗೆ ಅಡಿಯಲ್ಲಿ ಕಾಗದ ಹಾಸಬೇಕು, ಹಿಕ್ಕೆ ತೆಗೆದಾಗಲೆಲ್ಲ ಅದನ್ನು ಬದಲಾಯಿಸಬೇಕು. ಎಲ್ಲರ ಮನೆಯಲ್ಲೂ ಹುಳ ಇದ್ದ ಮೇಲೆ ಕಾಗದ ಎಲ್ಲಿಂದ ಬರಬೇಕು? ಚನ್ನಪಟ್ಟಣದ ಅಂಗಡಿಗಳಲ್ಲಿ ಹಳೆ ಪೇಪರು ಸಿಗುತ್ತಿರಲಿಲ್ಲ. ನಮ್ಮ ಅತ್ತೆ ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಮಿಕ್ಕ ಲಗ್ನಪತ್ರಿಕೆಗಳನ್ನು ಕೇಳುತ್ತಿದ್ದರು. ತಿಂಗಳ ಕೊನೆಯ ದಿನ ಸಂಜೆಗೇ ಕ್ಯಾಲೆಂಡರಿನ ಹಾಳೆ ಗೋಡೆಯಿಂದ ಇಳಿದು ತಟ್ಟೆಗೆ ಹೋಗುತ್ತಿತ್ತು.

ಅಂಥ ಮನೆಗೆ ನಾನು ಬೆಂಗಳೂರಿನ ಕಾನ್ವೆಂಟಿನಿಂದ ಸೊಸೆಯಾಗಿ ಬಂದವಳು. ಅಲ್ಲಿ ಸಿಸ್ಟರೊಬ್ಬರು ನನಗೆ ಎಂಟು ವರ್ಷ ಪಿಯಾನೊ ಕಲಿಸಿದ್ದರು. ಅಂಗೈಯ ಕೆಳಗೆ ಒಂದು ಕಿತ್ತಳೆ ಹಣ್ಣು ಇದೆ ಅಂದುಕೊಂಡು ಬೆರಳು ಬಾಗಿಸು ಅನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಆ ಕೈ ರೊಟ್ಟಿ ತಟ್ಟುವುದನ್ನು ಕಲಿಯಿತು, ಸೊಪ್ಪು ಕತ್ತರಿಸುವುದನ್ನು ಕಲಿಯಿತು. ಪಿಯಾನೊ ಇರುವ ಮನೆ ನಮ್ಮ ತಾಲ್ಲೂಕಿನಲ್ಲಿ ಎಲ್ಲಿಯಾದರೂ ಇತ್ತೋ ಇಲ್ಲವೋ, ನನಗೆ ತಿಳಿಯದು. ನಾನೂ ವಿಚಾರಿಸಲು ಹೋಗಲಿಲ್ಲ.

ಹುಳ ನೋಡಲು ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಬರುತ್ತಿದ್ದರು. ಕೋಲಾರದ ಚಿನ್ನದ ಗಣಿಯ ಕಡೆಯವರು, ಸಣಕಲು ಮನುಷ್ಯ, ನಲವತ್ತು ದಾಟಿರಬಹುದು. ಹೋದ ಮನೆಯಲ್ಲೆಲ್ಲ ಕೊಡೆ ಮರೆಯುವುದಕ್ಕೆ ಹೆಸರಾದವರು. ಭೂತಗನ್ನಡಿ ಹಿಡಿದು ಹುಳದ ಮೇಲೆ ಬಗ್ಗಿದಾಗ ಗಂಟಲಲ್ಲೇ ಏನೋ ಗುನುಗುತ್ತಿದ್ದರು. ಅದು ಸಿನಿಮಾ ಹಾಡಲ್ಲ, ದೇವರನಾಮವಲ್ಲ. ಒಂದು ದಿನ ಕಾಫಿ ಕೊಡಲು ಹೋದಾಗ ಅವರ ರಿಜಿಸ್ಟರು ತೆರೆದಿತ್ತು. ಯಾವ ರೈತ, ಎಷ್ಟು ಮೊಟ್ಟೆ, ಎಷ್ಟನೇ ಜ್ವರ ಎಂಬ ಕಾಲಮ್ಮುಗಳ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಐದು ಪುಟ್ಟ ಗೆರೆ, ಗೆರೆಗಳ ಮೇಲೆ ಬಾಲವಿರುವ ಚುಕ್ಕೆಗಳು. ಬಾಯಿ ತಡೆಯದೆ ಅಂದುಬಿಟ್ಟೆ:

"ಇದು ಪಿಯಾನೊಗಲ್ಲ, ಅಲ್ವಾ? ಒಂದೇ ಕೈಯದು."

ಅವರು ಭೂತಗನ್ನಡಿಯನ್ನು ಹುಳದ ಮಧ್ಯೆಯೇ ಬೀಳಿಸಿಬಿಟ್ಟರು.

"ನಿಮಗೆ ಇದನ್ನ ಓದಕ್ಕೆ ಬರುತ್ತಾ ಮೇಡಂ?"

"ಸ್ವಲ್ಪ. ಈಗ ಮರೆತಿರಬಹುದು."

"ಇದು ಚೆಲ್ಲೋ ಅನ್ನೋ ವಾದ್ಯದ್ದು. ಎರಡು ವಯೊಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದು ಒಂದು ವಿಯೋಲಾ, ಕಾಲ ಮಧ್ಯೆ ನಿಲ್ಲಿಸಿ ನುಡಿಸೋ ಒಂದು ಚೆಲ್ಲೋ. ನಾಲ್ಕು ಜನ ಒಂದು ರೂಮಿನಲ್ಲಿ ಕೂತು ನುಡಿಸೋ ಅಂಥದ್ದು. ಸಭಾಂಗಣ ಬೇಡ, ಮೈಕು ಬೇಡ. ಒಂದು ರೂಮಿದ್ದರೆ ಸಾಕು." ಕಾಫಿ ಲೋಟ ತಿರುಗಿಸುತ್ತಾ, "ಹದಿನಾಲ್ಕು ವರ್ಷದಿಂದ ಬರೀತಿದೀನಿ. ಒಂದು ಸಲವೂ ಕೇಳಿಲ್ಲ" ಅಂದರು.

"ಯಾರದನ್ನ?"

"ನಂದನ್ನೇ. ನಾಲ್ಕು ಜನ ಬೇಕಲ್ಲ ಮೇಡಂ. ನಾನೊಬ್ಬ ಎಷ್ಟು ಕೈಯಲ್ಲಿ ನುಡಿಸಲಿ?"

ಅವರು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಆ ದಿನವೆಲ್ಲ ಅದೇ ಕೊರೆಯುತ್ತಿತ್ತು. ಹದಿನಾಲ್ಕು ವರ್ಷ ಅಡುಗೆ ಮಾಡಿ ಒಂದು ತುತ್ತನ್ನೂ ಬಾಯಿಗೆ ಇಟ್ಟುಕೊಳ್ಳದವರು!

ಎರಡು ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ಅವರು ಸೈಕಲ್ಲಿನಿಂದ ಇಳಿಯುವ ಮೊದಲೇ ಮಾತು ಶುರುಮಾಡಿದರು. ಬೆಂಗಳೂರಿನ ನಾಲ್ವರು ವಾದ್ಯಗಾರರು ಮೈಸೂರಿಗೆ ಯಾವುದೋ ಆರತಕ್ಷತೆಗೆ ನುಡಿಸಲು ಹೋಗುತ್ತಾರಂತೆ. ದಾರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ರಾಮನಗರದಲ್ಲಿ ಇಳಿದು, ಇವರದ್ದನ್ನು ಒಂದೇ ಒಂದು ಸಲ ನುಡಿಸಿ, ಸಂಜೆಯ ರೈಲು ಹಿಡಿಯುತ್ತಾರಂತೆ. ಅಲ್ಲಿನ ಕಾನ್ವೆಂಟಿನವರು ತಮ್ಮ ಅತಿಥಿಗಳ ಕೋಣೆ ಕೊಡಲು ಒಪ್ಪಿದ್ದರು. ಆದರೆ ನಾಲ್ವರಿಗೂ ಅವರವರ ಭಾಗವನ್ನು ಬೇರೆ ಬೇರೆ ಹಾಳೆಯಲ್ಲಿ ಶುದ್ಧವಾಗಿ ಬರೆದುಕೊಡಬೇಕು. ಇನ್ಸ್‌ಪೆಕ್ಟರ ಪೆನ್ಸಿಲ್ ಅಕ್ಷರ ಅವರಿಗೇ ಅರ್ಥವಾಗದು. ಇರುವುದು ಹದಿನೈದು ದಿನ.

"ಕಾನ್ವೆಂಟಿನ ಅಕ್ಷರ ಮೇಡಂ ನಿಮ್ಮದು. ಇಲ್ಲ ಅನ್ನಬೇಡಿ. ಅವರು ಮತ್ತೆ ಈ ಕಡೆ ಇಳಿಯಲ್ಲ. ಈ ಶನಿವಾರ ತಪ್ಪಿದರೆ ನಾನು ಇದನ್ನ ಕೇಳೋದೇ ಇಲ್ಲ."

ನಮ್ಮ ಮನೆಯಲ್ಲಿ ಆಗ ಹುಳ ಮೂರನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡುವ ಮುನ್ನ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಅವುಗಳ ಹಸಿವಿಗೆ ಇಡೀ ಮನೆ ಎದ್ದು ಓಡಾಡಬೇಕು. ಆ ಹದಿನೈದು ದಿನ ಬೇರೆ ಕೆಲಸ ಒಪ್ಪಿಕೊಂಡವರನ್ನು ನಾನು ಕಂಡಿರಲಿಲ್ಲ. ಆದರೂ ತಲೆಯಾಡಿಸಿದೆ.

ಐದು ಗೆರೆಯ ಕಾಗದ ಚನ್ನಪಟ್ಟಣದಲ್ಲಿ ಎಲ್ಲಿ ಸಿಗಬೇಕು? ಬಿಳಿ ಹಾಳೆ ತಂದು ಅಡಿಕೋಲಿಟ್ಟು ಒಂದೊಂದೇ ಗೆರೆ ಎಳೆಯುತ್ತಾ ಕೂತೆ. ಮೊದಲ ಪುಟಕ್ಕೇ ಅರ್ಧ ಗಂಟೆ ಹೋಯಿತು. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು.

"ಇದೇನವ್ವ, ಹಿಂಗೆ ಎಳೀತಾ ಕುಂತ್ರೆ ಹುಳ ಗೂಡು ಕಟ್ಟಿ ಚಿಟ್ಟೆ ಆಗಿ ಹಾರೋಯ್ತವೆ" ಅಂದವರೇ ಹೊರಗೆ ಹೋದರು. ಜಗಲಿಯ ಮೇಲೆ ಮೇದರವನು ಚಂದ್ರಿಕೆ ರಿಪೇರಿ ಮಾಡುತ್ತಾ ಕೂತಿದ್ದ. ಚಂದ್ರಿಕೆ ಅಂದರೆ ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ, ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿದ ತಡಿಕೆ. ಅವನಿಂದ ಐದು ಸಣ್ಣ ಬಿದಿರು ಕಡ್ಡಿ ಸೀಳಿಸಿ, ತುದಿ ಚೂಪು ಮಾಡಿಸಿ, ಬಾಚಣಿಗೆಯ ಹಾಗೆ ಸಾಲಾಗಿ ದಾರ ಬಿಗಿಸಿಕೊಂಡು ಬಂದರು. ಅದನ್ನು ಮಸಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಹಾಳೆಯ ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದರು. ಐದು ಗೆರೆ. ಒಂದೂ ಸೊಟ್ಟಗಿಲ್ಲ.

ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ನಲವತ್ತು ವರ್ಷ ಹೊಸಿಲಿಗೆ ಕೆಮ್ಮಣ್ಣಿನ ಎಳೆ ಬಿಟ್ಟ ಕೈ. ನಾನು ಬಾಯಿಬಿಟ್ಟುಕೊಂಡು ನೋಡಿದೆ.

"ಏನಂಗೆ ನೋಡ್ತಾ ಇದ್ದೀಯೆ? ಇನ್ನೆಷ್ಟು ಬೇಕು ಹೇಳು, ಎಳೆದಾಕ್ಬುಡ್ತೀನಿ."

ಹೀಗೆ ಅವರು ಗೆರೆ ಎಳೆದರು, ನಾನು ಚುಕ್ಕೆ ಇಟ್ಟೆ. ಅಡುಗೆಮನೆಯ ಕಿಟಕಿಯ ಪಕ್ಕದ ಬೆಂಚೇ ನನ್ನ ಮೇಜು. ಒಮ್ಮೆ ಸೊಪ್ಪು ಹಾಕಿ ಬಂದರೆ ಒಂದು ಸಾಲು, ಸಾರು ಕುದಿಯುವಷ್ಟರಲ್ಲಿ ಇನ್ನೊಂದು. ಬರೆಯುತ್ತಾ ಬರೆಯುತ್ತಾ ವಿಚಿತ್ರವೊಂದು ಗೊತ್ತಾಯಿತು. ಒಂದೊಂದು ಭಾಗವೂ ಒಂಟಿಯಾಗಿ ನೋಡಿದರೆ ಏನೂ ಅಲ್ಲ. ಚೆಲ್ಲೋ ಎರಡೇ ಸ್ವರದ ನಡುವೆ ಓಡಾಡಿಕೊಂಡಿರುತ್ತದೆ. ಎರಡನೇ ವಯೊಲಿನ್ ಏನೋ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸುತ್ತದೆ. ಅದರ ಮಿಕ್ಕರ್ಧ ಮಾರನೆಯ ದಿನ ವಿಯೋಲಾದ ಹಾಳೆಯಲ್ಲಿ ಸಿಗುತ್ತಿತ್ತು. ಈ ಮನುಷ್ಯ ಹುಳದ ಮನೆಯಿಂದ ಹುಳದ ಮನೆಗೆ ಸೈಕಲ್ ತುಳಿಯುತ್ತಾ ಇಷ್ಟನ್ನೆಲ್ಲ ತಲೆಯಲ್ಲಿ ಹೇಗೆ ಹಿಡಿದುಕೊಂಡಿದ್ದರು?

ಹಿಡಿದುಕೊಂಡಿರಲಿಲ್ಲ ಎಂದು ಆ ಶನಿವಾರಕ್ಕೆ ಮುಂಚಿನ ಬುಧವಾರ ತಿಳಿಯಿತು. ಆ ದಿನ ಇನ್ಸ್‌ಪೆಕ್ಟರು ನಾನು ಬರೆದದ್ದನ್ನೆಲ್ಲ ತೆಗೆದುಕೊಂಡು ಹೋಗಲು ಬಂದರು. ಅಲ್ಲಿಂದಲೇ ಬೆಂಗಳೂರಿಗೆ ಹೋಗಿ ವಾದ್ಯಗಾರರನ್ನು ಕರೆತರುವುದಿತ್ತು. ವಿಯೋಲಾದ ಕೊನೆಯ ಪುಟ ಮಾತ್ರ ಅವರ ನೋಟ್‌ಬುಕ್ಕಿನಲ್ಲೇ ಖಾಲಿ ಇತ್ತು. ಬೆಂಚಿನ ಮೇಲೆ ಕೂತು, ಅತ್ತೆ ಗೆರೆ ಎಳೆದ ಹೊಸ ಹಾಳೆಯೊಂದನ್ನು ಎಳೆದುಕೊಂಡು, ಅದರ ಮೇಲೇ ಪೆನ್ಸಿಲಿನಿಂದ ಬರೆದರು. ಮೇಲಿನ ಆರು ಸಾಲಿನಲ್ಲಿ ವಿಯೋಲಾ ಸುಮ್ಮನಿರಬೇಕು. ಕೊನೆಯ ಎರಡು ಸಾಲಿನಲ್ಲಿ, ಉಳಿದ ಮೂವರೂ ನಿಲ್ಲಿಸಿದ ಮೇಲೆ, ಅದೊಂದೇ ನುಡಿಯಬೇಕು.

"ಬಸ್ಸಿನಲ್ಲಿ ಹೊಳೀತು ಮೇಡಂ. ಇದು ಇನ್ನೆಲ್ಲೂ ಇಲ್ಲ, ಈ ಹಾಳೆ ಒಂದೇ. ನನ್ನ ತಲೆ ನಿಮಗೆ ಗೊತ್ತಲ್ಲ, ಕೊಡೆಯೇ ನಿಲ್ಲಲ್ಲ ಅದರಲ್ಲಿ. ಇಂಕಿನಲ್ಲಿ ತಿದ್ದಿ ಶನಿವಾರ ನೀವೇ ತಂದುಬಿಡಿ." ಹೇಳಿ ಹೊರಟರು. ಕೊಡೆ ಬಾಗಿಲ ಮೂಲೆಯಲ್ಲೇ ಉಳಿಯಿತು.

ಗುರುವಾರ ಆ ಹಾಳೆಯ ಮೇಲಿನ ಸಾಲುಗಳಿಗೆ ಇಂಕು ತುಂಬಿದೆ. ಸುಮ್ಮನಿರುವುದಕ್ಕೂ ಒಂದು ಗುರುತಿದೆ: ಗೆರೆಯಿಂದ ಕೆಳಕ್ಕೆ ಜೋತುಬಿದ್ದ ಒಂದು ಸಣ್ಣ ಕರಿಯ ತುಂಡು. ಅಂಥವು ನಲವತ್ತೆರಡು. ಕೆಳಗಿನ ಪೆನ್ಸಿಲ್ ಸಾಲುಗಳಿಗೆ ಬರುವಷ್ಟರಲ್ಲಿ ಹುಳದ ಮನೆಯಿಂದ ಅತ್ತೆಯ ಕೂಗು, "ಸೊಪ್ಪು!" ಹಾಳೆಯನ್ನು ಒಣಗಲೆಂದು ಬೆಂಚಿನ ತುದಿಯಲ್ಲಿಟ್ಟು ಓಡಿದೆ. ಸೊಪ್ಪು ಹಾಕುವಾಗ ಅತ್ತೆ ಕೇಳಿದರು, "ಆ ಮಿಕ್ಕಿರೋ ಗೆರೆ ಹಾಳೆಗಳ್ನ ತಟ್ಟೆಗೆ ಹಾಕ್ಕಳ್ಳಾ?" ತಲೆ ಎತ್ತದೆ, "ಹಾಕ್ಕೊಳಿ ಅತ್ತೆ" ಅಂದೆ. ಆ ಎರಡು ಮಾತು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಬೆಂಚಿನ ಮೇಲೆ ಏನೂ ಇರಲಿಲ್ಲ.

"ಅತ್ತೆ, ಇಲ್ಲೊಂದು ಬರೆದ ಹಾಳೆ ಇತ್ತು..."

"ಬರೆದಿದ್ದು ಯಾವ್ದೂ ಇರ್ನಿಲ್ಲ ಕಣವ್ವ. ಬರೀ ಗೆರೆ. ಒಂದ್ರಲ್ಲಿ ಒಸಿ ನೊಣ ಕುಂತಂಗೆ ಕಪ್ಗೆ ಇತ್ತು, ಇಂಕು ಚೆಲ್ಲಿ ಕೆಟ್ಟೋಗೈತೆ ಅಂತ..." ಅತ್ತೆ ನನ್ನ ಮುಖ ನೋಡಿ ನಿಲ್ಲಿಸಿದರು.

ಪೆನ್ಸಿಲಿನ ತೆಳು ಚುಕ್ಕೆಗಳು ಅವರ ಕಣ್ಣಿಗೆ ಕಂಡಿರಲಿಲ್ಲ. ಆ ನೊಣಗಳೇನೆಂದು, ಹೇಗೋ, ಬಿಡಿಸಿ ಹೇಳಿದೆ.

"ಸುಮ್ಕಿರಾದ್ನೂ ಬರೀತಾರಾ?"

"ಹೌದು ಅತ್ತೆ. ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಲೆಕ್ಕ. ಅದು ತಪ್ಪಿದರೆ ಮುಂದಿನದೆಲ್ಲ ಕೆಡುತ್ತೆ."

ಅತ್ತೆ ತಮ್ಮ ಹಣೆಯನ್ನೇ ತಟ್ಟಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಜ್ವರಕ್ಕೆ ಕುಂತಿರೋ ಹುಳಾನ ಸತ್ತೋಗೈತೆ ಅಂತ ತಿಪ್ಪೆಗೆ ಎಸ್ದಂಗಾಯ್ತಲ್ಲವ್ವ."

ನಾನು ಎಂಟು ವರ್ಷ ಕಲಿತಿದ್ದರೂ ಇಷ್ಟು ಚೆನ್ನಾಗಿ ಆ ಗುರುತನ್ನು ನನಗೆ ಯಾರೂ ವಿವರಿಸಿರಲಿಲ್ಲ.

ಅವತ್ತು ಹುಳ ಹಣ್ಣಾಗುವ ದಿನ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಟ್ಟೆಗಳನ್ನು ಅಲ್ಲಾಡಿಸಿ, ಕೆಳಗಿನ ಕಾಗದ ಎತ್ತಿ ಹುಡುಕುವ ಹಾಗಿಲ್ಲ. ಬರೀ ಅಂಚು ಬಗ್ಗಿಸಿ ನೋಡುತ್ತಾ ಹೋದೆವು. ಲಗ್ನಪತ್ರಿಕೆ, ಪೇಪರು, ಯಾರದೋ ಗಣಿತದ ಉತ್ತರಪತ್ರಿಕೆ. ನಮ್ಮ ಯಜಮಾನರು ಬಂದವರು ಬಾಗಿಲಲ್ಲೇ ನಿಂತು, "ಏನವ್ವ, ಇನ್ಸ್‌ಪೆಕ್ಟ್ರು ಹಾಡ್ನ ಹುಳಕ್ಕೆ ಹಾಕ್ಬುಟ್ಟಾ? ಇನ್ನು ಗೂಡಿನಿಂದ ನೂಲು ಬರಕಿಲ್ಲ, ರಾಗ ಬತ್ತದೆ" ಅಂದರು.

"ಹಲ್ಲು ಕಿರೀಬ್ಯಾಡ, ಬಂದು ಹುಡ್ಕು" ಅಂದರು ಅತ್ತೆ.

ಮೂರನೇ ಅಟ್ಟಣೆಯ ನಡುವಿನ ತಟ್ಟೆಯಲ್ಲಿ ಸಿಕ್ಕಿತು. ಮೊದಲು ಆ ತಟ್ಟೆಯ ಹುಳ ಆರಿಸಿದೆವು. ಕೊನೆಗೆ ಹಾಳೆ ಕಂಡಾಗ ನನಗೆ ನೋಡಲು ಧೈರ್ಯವಿರಲಿಲ್ಲ. ಹಿಕ್ಕೆಯ ಒದ್ದೆಗೆ ನಾನು ತುಂಬಿದ ಇಂಕೆಲ್ಲ ಹರಡಿ ಕರಿಯ ಮೋಡವಾಗಿತ್ತು, ಅತ್ತೆಯ ಮಸಿಯ ಗೆರೆ ಮಾತ್ರ ಕರಗಿರಲಿಲ್ಲ. ಕೆಳಗಿನ ಎರಡು ಸಾಲು, ತಿದ್ದದೆ ಬಿಟ್ಟಿದ್ದ ಪೆನ್ಸಿಲ್, ಹಾಗೇ ಇತ್ತು! ಒಂದು ಚುಕ್ಕೆಯೂ ಅಳಿಸಿರಲಿಲ್ಲ. ಹಾಳೆಯ ಬಲಮೂಲೆ ಮಡಚಿಕೊಂಡಿತ್ತು. ಆ ಮಡಿಕೆಯೊಳಗೆ ಒಂದು ಹುಳ ಆಗಲೇ ಎಳೆ ಬಿಡಲು ಶುರುಮಾಡಿತ್ತು.

ತೆಗೆಯಲು ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ನೂಲು ಬಿಟ್ಟ ಹುಳವನ್ನು ಕದಲಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

"ನಾನು ಮಾಡಿದ್ದೇ ಒಂದು ತಪ್ಪು, ಅದ್ರ ಮ್ಯಾಲೆ ಇನ್ನೊಂದಾ? ಅದೂ ಬರ್ಲಿ ರಾಮನಗರಕ್ಕೆ."

ಶನಿವಾರ ಹನ್ನೊಂದಕ್ಕೆ ಕೊನೆಯ ಹುಳವೂ ಚಂದ್ರಿಕೆ ಹತ್ತಿತು. ಅತ್ತೆ ಕೈ ತೊಳೆದು ಹೊಸ ಸೀರೆ ಉಟ್ಟು, ಹಾಳೆಯನ್ನು ಮೊರದಲ್ಲಿಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ ಹೊರಟರು. ಬೇರೆಯವರ ಕೈಗೆ ಕೊಡಲು ಒಪ್ಪಲಿಲ್ಲ. ಚನ್ನಪಟ್ಟಣದಲ್ಲಿ ಹತ್ತಿದ ಬಸ್ಸಿನ ಟಾಪಿನ ಮೇಲೆ ಗೂಡಿನ ಮೂಟೆಗಳು, ಒಳಗೆ ಗೂಡಿನ ಮಾರ್ಕೆಟ್ಟಿಗೆ ಹೊರಟವರ ಗಲಾಟೆ.

"ಏನಜ್ಜಿ ಮೊರದಾಗೆ?" ಅಂದ ಕಂಡಕ್ಟರ್.

"ಹಾಡು ಕಣಪ್ಪ."

"ಹಾಡ್ಗೆ ಟಿಕೆಟ್ ತಗಂಡಿದ್ದೀಯಾ?"

"ಅದು ತೊಡೆ ಮ್ಯಾಲೆ ಕುಂತೈತೆ. ತೊಡೆ ಮ್ಯಾಲೆ ಕುಂತೋರ್ಗೆ ಟಿಕೆಟ್ ಕೇಳ್ತಾರಾ?"

ಕೆಂಗಲ್ಲಿನಲ್ಲಿ ಬಸ್ಸು ನಿಂತಾಗ ಅತ್ತೆ ಒಂದು ಕೈಯಲ್ಲಿ ಮೊರ ಹಿಡಿದು, ಇನ್ನೊಂದನ್ನು ಮಾತ್ರ ಎತ್ತಿ ಆಂಜನೇಯನಿಗೆ ಮುಗಿದರು.

ಕಾನ್ವೆಂಟಿನ ಗೇಟಿನಲ್ಲೇ ಇನ್ಸ್‌ಪೆಕ್ಟರು ನಿಂತಿದ್ದರು. ಹಿಂದಿನಿಂದ ತಂತಿ ಶ್ರುತಿ ಮಾಡುವ ಸದ್ದು. ನಾನು ಬಟ್ಟೆ ಸರಿಸಿ, ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದೆ, ಅಳಿಸಿಹೋದ ಸುಮ್ಮನಿರುವ ಗುರುತು ನಲವತ್ತೆರಡು ಎಂಬುದನ್ನೂ. ಅವರು ಹಾಳೆ ನೋಡಿದರು. ಮೂಲೆಯ ಹುಳ ನೋಡಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದರು.

"ಒಳ್ಳೆ ಹುಳ. ಕಾಯಿಲೆ ಏನಿಲ್ಲ" ಅಂದರು. ಆಮೇಲಷ್ಟೇ ತಮ್ಮ ಬರಹದ ಕಡೆ ಕಣ್ಣು ತಿರುಗಿಸಿ, ತುಟಿ ಅಲ್ಲಾಡಿಸುತ್ತಾ ಓದಿಕೊಂಡರು. "ಇದನ್ನ ನಾನೇ ಬರೆದಿದ್ದಾ? ಬೆಳಿಗ್ಗೆಯಿಂದ ನೆನೆಸಿಕೊಳ್ಳೋಕೆ ನೋಡ್ತಿದೀನಿ, ಬರೀ ಮೊದಲ ಸ್ವರ ಬರ್ತಿತ್ತು."

ವಿಯೋಲಾದವರು ದಪ್ಪ ಕನ್ನಡಕದ ವಯಸ್ಸಾದವರು. ಸ್ಟ್ಯಾಂಡಿನ ಮೇಲೆ ಹಾಳೆ ಇಟ್ಟಾಗ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. "ಇದು ನನ್ನ ಮೈಮೇಲೆ ಹತ್ತಲ್ಲ ತಾನೇ?"

"ಹೆದ್ರಕಬ್ಯಾಡಿ ಸಾಮಿ. ಅದು ಇನ್ನೆಲ್ಗೂ ಹೋಗಕಿಲ್ಲ. ಮನೆ ಕಟ್ಕತಾ ಐತೆ" ಅಂದರು ಅತ್ತೆ.

ಮಧ್ಯಾಹ್ನ ನಾಲ್ಕಕ್ಕೆ ಶುರುವಾಯಿತು. ಇಪ್ಪತ್ತು ಕುರ್ಚಿ, ಸಿಸ್ಟರುಗಳು, ಇಲಾಖೆಯ ಮೂರು ನಾಲ್ಕು ಜನ, ನಾವಿಬ್ಬರು. ಇನ್ಸ್‌ಪೆಕ್ಟರು ಕೂರಲಿಲ್ಲ. ಬಾಗಿಲ ಪಕ್ಕ, ನಾವು ತಂದುಕೊಟ್ಟ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಒಂದೊಂದು ಚುಕ್ಕೆಯನ್ನೂ ನಾನೇ ಬರೆದಿದ್ದೆ. ಏನು ಬರುತ್ತದೆಂದು ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಎರಡೇ ಸ್ವರದಲ್ಲಿ ಓಡಾಡುತ್ತಿದ್ದ ಆ ಚೆಲ್ಲೋ ಕೋಣೆಗೆ ನೆಲವಾಗಿಬಿಟ್ಟಿತು. ಎರಡನೇ ವಯೊಲಿನ್ ಅರ್ಧಕ್ಕೆ ಬಿಟ್ಟ ಮಾತನ್ನು ವಿಯೋಲಾ ಎತ್ತಿಕೊಂಡಿತು, ಅದು ಬಿಟ್ಟದ್ದನ್ನು ಮೊದಲ ವಯೊಲಿನ್. ಹಬ್ಬದ ದಿನ ಅಡುಗೆಮನೆಯಲ್ಲಿ ನಾಲ್ವರು ಹೆಂಗಸರು ಇರುತ್ತಾರಲ್ಲ, ಒಬ್ಬಳು ರುಬ್ಬುತ್ತಾ, ಒಬ್ಬಳು ಕರಿಯುತ್ತಾ, ಯಾರೂ ಯಾರಿಗೂ ಡಿಕ್ಕಿ ಹೊಡೆಯದೆ, ಕೇಳುವ ಮೊದಲೇ ಸೌಟು ಕೈ ದಾಟುತ್ತಾ, ಹಾಗಿತ್ತು. ಇಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಪಕ್ಕವಾದ್ಯವಲ್ಲ, ನಾಲ್ವರೂ ಮನೆಯವರೇ. ನಾಲ್ಕು ಮರದ ಪೆಟ್ಟಿಗೆ, ಹದಿನಾರು ತಂತಿ. ಅಷ್ಟರಿಂದ ಇಷ್ಟು ಹೇಗೆ?

ಆಮೇಲೆ ಕೊನೆಯ ಪುಟ ಬಂತು. ವಿಯೋಲಾದವರು ವಾದ್ಯವನ್ನು ಮಂಡಿಯ ಮೇಲೆ ನಿಲ್ಲಿಸಿ ಸುಮ್ಮನಾದರು. ಉಳಿದ ಮೂವರು ನುಡಿಸುತ್ತಲೇ ಇದ್ದರು. ವಿಯೋಲಾದವರು ಅಲ್ಲಾಡಲಿಲ್ಲ, ತಲೆ ಮಾತ್ರ ಕೊಂಚ ಎತ್ತಿತ್ತು. ಅವರ ಕಣ್ಣು ಹಾಳೆಯ ಮೂಲೆಯ ಮೇಲಿತ್ತು. ಅಲ್ಲಿ, ಬೆಳಿಗ್ಗೆಗಿಂತ ಮಬ್ಬಾಗಿದ್ದ ಬಲೆಯೊಳಗೆ, ಹುಳ ತಲೆಯನ್ನು ಈ ಕಡೆ ಆ ಕಡೆ ಆಡಿಸುತ್ತಲೇ ಇತ್ತು.

ಅತ್ತೆ ನನ್ನ ಕಿವಿಯ ಹತ್ತಿರ ಬಂದರು. "ಜ್ವರಕ್ಕೆ ಕುಂತವ್ರೆ."

ಒಬ್ಬೊಬ್ಬರಾಗಿ ಮೂವರೂ ನುಡಿಸುವುದು ನಿಲ್ಲಿಸಿದರು. ಕೋಣೆಯಲ್ಲಿ ಏನೂ ಉಳಿಯಲಿಲ್ಲ. ಆ ಖಾಲಿಯೊಳಗೆ ವಿಯೋಲಾ ಎದ್ದಿತು. ವಯೊಲಿನ್ನಿನಷ್ಟು ತಿಳಿಯಾದದ್ದಲ್ಲ ಅದರ ಕಂಠ. ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿದ ಹೆಂಗಸಿನ ದನಿಯಂತೆ ಕೊಂಚ ಒಡೆದಿತ್ತು. ಎರಡೇ ಎರಡು ಸಾಲು. ಮುಗಿದಾಗ ಅತ್ತೆಯ ಕೈ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆಯ ಗುರುತು ಮೂಡಿತ್ತು.

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಅವರು ಅಳುತ್ತಿರಲಿಲ್ಲ, ನಗುತ್ತಿರಲಿಲ್ಲ. ಊಟದ ಎಲೆಯ ಮುಂದೆ ಬಹಳ ಹೊತ್ತು ಕಾದು ಕೂತವರಿಗೆ ಬಡಿಸಿದಾಗ ಇರುವಂಥ ಮುಖ.

"ತಲೆಯಲ್ಲಿದ್ದ ಹಾಗೇ ಇತ್ತು ಮೇಡಂ" ಅಂದರು ಆಮೇಲೆ, ಹತ್ತಿರ ಬಂದು. "ಒಂದು ಕಡೆ ಬಿಟ್ಟು."

"ಎಲ್ಲಿ ತಪ್ಪಾಯ್ತು?"

"ತಪ್ಪಲ್ಲ. ಆ ಸುಮ್ಮನಿರೋ ಜಾಗ. ನಾನು ಬರೆದಾಗ ಅದು ಬರೀ ಖಾಲಿ ಅಂದ್ಕೊಂಡಿದ್ದೆ."

ವಾದ್ಯಗಾರರು ರೈಲಿಗೆ ಓಡಿದರು. ಇವರು ಆ ಎರಡು ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹಾಳೆಯನ್ನು ಅತ್ತೆಯ ಮೊರಕ್ಕೇ ವಾಪಸ್ಸು ಇಟ್ಟರು. ಮುಂದಿನ ವಾರ ಗೂಡು ಬಿಡಿಸುವಾಗ ಅತ್ತೆ ಮೂಲೆಯ ಗೂಡನ್ನೂ ಬಿಡಿಸಿ ಉಳಿದವುಗಳ ಜೊತೆ ಮಾರ್ಕೆಟ್ಟಿಗೆ ಕಳಿಸಿದರು. ನನಗೆ ಇಟ್ಟುಕೊಳ್ಳುವ ಆಸೆಯಿತ್ತು, ಕೇಳಲಿಲ್ಲ. ಹಾಳೆ ನನ್ನ ಟ್ರಂಕಿನಲ್ಲಿದೆ. ಮೂಲೆಯಲ್ಲಿ ಇನ್ನೂ ಒಂದಿಷ್ಟು ಎಳೆ ಅಂಟಿಕೊಂಡಿದೆ.

ಮುಂದಿನ ಬೆಳೆಗೆ ಅತ್ತೆ ತಟ್ಟೆಗೆ ಕಾಗದ ಹಾಸುತ್ತಿದ್ದರು. ಒಂದೊಂದು ಹಾಳೆಯನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಏನೂ ಬರೆಯದ, ಅಚ್ಚ ಬಿಳಿಯ ಒಂದು ಹಾಳೆ ಬಂದಾಗ ಕೈ ತಡೆದು ನನ್ನನ್ನು ಕೂಗಿದರು.

"ಬಾರವ್ವ ಇಲ್ಲಿ. ಇದ್ರಲ್ಲಿ ಯಾರಾದ್ರೂ ಸುಮ್ಕಿರಾದೇನಾದ್ರೂ ಬರ್ದವ್ರಾ, ಒಸಿ ನೋಡು."